ಓದಿ ಹೇಳಿ

ನೈಫ್, ದುಬೈ
ಜನವರಿ, ಎರಡನೆಯ ಭಾನುವಾರ

ಲೀಲಮ್ಮ ಟೀಚರಮ್ಮನವರ ಕೈಗೆ ಚಾಮುಂಡೇಶ್ವರಿಯ ನಮಸ್ಕಾರ. ಪಾದಕ್ಕೆ ಎಂದು ಬರೆದರೆ ಕೆಂಪು ಗೀಟು ಬೀಳುತ್ತದೆಂದು ಗೊತ್ತು, ಅದಕ್ಕೇ ಕೈಗೆ.

ಡಿಸೆಂಬರಿನಲ್ಲಿ ಬರೆದ ನನ್ನ ಕಾಗದ ನೀವು ತಿದ್ದಿದ ಮೇಲೆ ವಾಪಸು ಬಂತು. ಹನ್ನೊಂದು ತಪ್ಪು. ಅದರಲ್ಲಿ ಒಂಬತ್ತು ಹ-ಕಾರದ್ದು. ಹಾಕಬೇಕಾದಲ್ಲಿ ಬಿಡುತ್ತೇನೆ, ಬಿಡಬೇಕಾದಲ್ಲಿ ಹಾಕುತ್ತೇನೆ. ನಮ್ಮೂರಿನ ನಾಲಿಗೆ, ಏನು ಮಾಡಲಿ? ಅಬುಧಾಬಿಯನ್ನು ನಾನು “ಹಬುದಾಬಿ” ಎಂದು ಬರೆದದ್ದಕ್ಕೆ ಅಂಚಿನಲ್ಲಿ “ಆ ಊರಿನಲ್ಲಿ ದಿನಾ ಹಬ್ಬವೇನು?” ಎಂದು ಕೇಳಿದ್ದೀರಿ. ಓದಿ ಒಬ್ಬಳೇ ನಕ್ಕೆ.

ಇಲ್ಲಿ ಪೋಸ್ಟಿನವರು ಮನೆ ಬಾಗಿಲಿಗೆ ಬರುವುದಿಲ್ಲ. ಪೆಟ್ಟಿಗೆ ನಂಬರು ಇರಬೇಕು. ಕಂಪನಿಯ ಪೆಟ್ಟಿಗೆಗೆ ಬಂದ ಕಾಗದ ನಾಲ್ಕು ಕೈ ದಾಟಿ, ಬಾಯಿ ತೆರೆದುಕೊಂಡು ನಮ್ಮ ಕೈಗೆ ಬರುತ್ತದೆ. ಅದಕ್ಕೇ ನಿಮಗೆ ನೈಫಿನ ಟೈಪಿಂಗ್ ಸೆಂಟರಿನ ನಂಬರು ಕೊಟ್ಟಿರುವುದು. ವೀಸಾ ಇರಲಿ, ಬಾಡಿಗೆ ಕರಾರು ಇರಲಿ, ಎಲ್ಲಾ ಅರ್ಜಿಯನ್ನೂ ಅರಬ್ಬಿಯಲ್ಲಿ ಟೈಪು ಮಾಡಿಕೊಡುವ ಅಂಗಡಿ ಅದು. ಉಳ್ಳಾಲದ ನಿಯಾಝ್ ಅಲ್ಲಿ ಕೂರುತ್ತಾರೆ. ನಿಮ್ಮ ಲಕೋಟೆ ಬಂದಾಗಲೆಲ್ಲ ಅವರದು ಒಂದೇ ಮಾತು: “ಅಕ್ಕ, ನಿಮ್ಮ ಪರೀಕ್ಷೆ ಪೇಪರ್ ಬಂತು ನೋಡಿ. ಈ ಸಲ ಪಾಸಾ?”

ಈ ಸಲ ನನ್ನ ರೂಮಿನ ಸಕೀನ ಜೊತೆಗಿದ್ದಳು. ಗಂಗಾವತಿ ಕಡೆಯವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಮತ್ತು ಅವಳು ಒಂದೇ ವ್ಯಾನಿನಲ್ಲಿ ಹೋಗಿ ಡಿಸ್ಕವರಿ ಗಾರ್ಡನ್ಸಿನ ಮನೆಗಳನ್ನು ಗುಡಿಸಿ ಒರೆಸುವವರು. ಲಕೋಟೆ ಬಿಚ್ಚಿದ್ದೇ ಅವಳು ಗಾಬರಿಯಾದಳು.

“ಚಾಮಕ್ಕ, ಇದೇನಿದು, ರಕ್ತ ಸೋರಿದಂಗ ಐತಲ್ಲ! ಯಾರಿಗಾರ ಏನಾರ ಆಗೈತೇನು?”

“ನನಗೇ ಆಗಿರೋದು. ನಮ್ಮ ಟೀಚರಮ್ಮ ತಪ್ಪು ತಿದ್ದಿದಾರೆ.”

“ನಿನಗೀಗ ಮೂವತ್ತೆರಡು ವರ್ಷ!”

“ಅವರಿಗೆ ಎಪ್ಪತ್ತಾರು. ನಾವಿಬ್ಬರೂ ಇನ್ನೂ ಶಾಲೆ ಬಿಟ್ಟಿಲ್ಲ.”

ಪಾರ್ಕಿನ ಬೆಂಚಿನ ಮೇಲೆ ಕೂತು ಅವಳಿಗೆ ನಮ್ಮ ಶಾಲೆಯ ಕತೆ ಹೇಳಿದೆ ಟೀಚರಮ್ಮ. ಜೀತದಿಂದ ಬಿಡಿಸಿ ತಂದವರಿಗೆಂದೇ ಕೊಳ್ಳೇಗಾಲದ ಆಚೆ ನೀವು ನಡೆಸಿದ ಶಾಲೆ. ರೇಷ್ಮೆಹುಳು ಸಾಕಿ ಬಿಟ್ಟ ಮನೆ, ಗೋಡೆಯಲ್ಲೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ನಾವು ಬರೆದ ಹಾಳೆಗಳನ್ನು ಅದರಲ್ಲಿ ಸಿಕ್ಕಿಸುತ್ತಿದ್ದಿರಿ. ಧಣಿಯ ಮನೆಯಲ್ಲಿ ಹನ್ನೊಂದು ವರ್ಷದವರೆಗೆ ನಾನು “ಏ ಕೂಸೇ”. ತಹಸೀಲ್ದಾರರು ನಮ್ಮಪ್ಪನ ಕೈಗೆ ಬಿಡುಗಡೆ ಪತ್ರ ಕೊಟ್ಟ ಮಾರನೆಯ ದಿನ ನೀವು ಹಾಜರಿ ಪುಸ್ತಕದಲ್ಲಿ “ಚಾಮುಂಡೇಶ್ವರಿ” ಎಂದು ಇಡೀ ಹೆಸರು ಬರೆದಿರಿ. ಅಷ್ಟುದ್ದ ನಾನಿದ್ದೇನೆಂದು ನನಗೆ ಅವತ್ತೇ ಗೊತ್ತಾದದ್ದು.

ಎಲ್ಲ ಕೇಳಿದ ಮೇಲೆ ಸಕೀನ ನೆಲ ನೋಡುತ್ತ, “ನನಗೂ ಕಲಿಸ್ತೀಯೇನು?” ಎಂದಳು.

ಹೀಗೆ ನಮ್ಮ ಭಾನುವಾರ ಶುರುವಾಗಿದೆ. ವಾರಕ್ಕೆ ಅದೊಂದೇ ದಿನ ನಮ್ಮದು. ಮಾದಪ್ಪನ ಪಟಕ್ಕೆ ಕೈಮುಗಿದು, ಊರಿಂದ ತಂದ ವಿಭೂತಿ ಹಣೆಗೆ ಮುಟ್ಟಿಸಿಕೊಂಡು ಹೊರಡುತ್ತೇನೆ. ಅವಳು ನಮಾಜು ಮುಗಿಸಿ ಬರುತ್ತಾಳೆ. ಬೆಂಚಿನ ಮೇಲೆ ಸ, ಕ, ನ.

ನಿಮ್ಮ
ಚಾಮುಂಡೇಶ್ವರಿ


ನೈಫ್, ದುಬೈ
ಫೆಬ್ರವರಿ, ಕೊನೆಯ ಭಾನುವಾರ

ಟೀಚರಮ್ಮ,

ಈ ಕಾಗದ ಬೇಗ ಸೇರಲಿ ಎಂದು ಮಾದಪ್ಪನಿಗೆ ಹೇಳಿಕೊಂಡು ಬರೆಯುತ್ತಿದ್ದೇನೆ. ಕಂಪನಿಯಲ್ಲಿ ಒಂದು ಸುದ್ದಿ ಎದ್ದಿದೆ.

ನಮ್ಮ ಸೂಪರ್‌ವೈಸರ್ ಜೋಯ್ಲಿನ್ ಗೊತ್ತಲ್ಲ, ಕಾರ್ಕಳದ ಹುಡುಗಿ, ಹಿಂದೆ ಬರೆದಿದ್ದೆ. ಮನಸ್ಸು ಒಳ್ಳೆಯದು, ಹೆದರಿಕೆ ಜಾಸ್ತಿ. ಶುಕ್ರವಾರ ವ್ಯಾನಿನಲ್ಲಿ ಎಲ್ಲರಿಗೂ ಹೇಳಿದಳು: “ನೋಡಿ, ಈದ್ ಮುಗಿದ ಮೇಲೆ ಆಫೀಸಿಗೆ ಹೋಗ್ಲಿಕ್ಕುಂಟು. ಒಂದು ಪೇಪರ್ ಉಂಟು, ಹೆಬ್ಬೆಟ್ಟು ಒತ್ತಿ ಬರುದು, ಅಷ್ಟೆ.”

“ಯಾವ ಪೇಪರ್?” ಎಂದೆ.

“ನಿನ್ನದು ಶುರುವಾಯ್ತಾ! ಫಾರ್ಮಾಲಿಟಿ ಮಾರಾಯ್ತಿ.”

“ಒಂದು ಕಾಪಿ ತೋರಿಸಿ.”

“ಕಾಪಿ ಎಲ್ಲ ಇಲ್ಲ.” ಆದರೆ ಅವಳ ಫೈಲಿನಿಂದ ಅದರ ತುದಿ ಇಣುಕುತ್ತಿತ್ತು. ಡ್ರೈವರ್ ಬ್ರೇಕು ಹಾಕಿದಾಗ ಫೈಲು ನನ್ನ ತೊಡೆಗೆ ಬಿತ್ತು. ಕದ್ದೆನೆಂದು ತಿಳಿಯಬೇಡಿ. ಬಿದ್ದದ್ದನ್ನು ಎತ್ತಿ, ಹಾಳೆ ಜೋಡಿಸಿಕೊಡುವಷ್ಟು ಹೊತ್ತು ಮಾತ್ರ ಓದಿದೆ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಅರಬ್ಬಿ. ನನ್ನ ಇಂಗ್ಲಿಷು ನೀವು ಕಲಿಸಿದಷ್ಟೇ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುವುದು. ವಾರದ ರಜೆಯ ದಿನವೂ ಕೆಲಸ ಮಾಡುವುದು ನನ್ನ ಸ್ವಂತ ಇಷ್ಟ ಎಂದಿತ್ತು. ಎಷ್ಟು ದಿನದವರೆಗೆ ಎಂದು ಇರಲಿಲ್ಲ. ಕಟ್ಟಕಡೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ಇಟ್ಟು ಮತ್ತೊಮ್ಮೆ ಓದಿದೆ: ಈ ಕಾಗದವನ್ನು ನನ್ನ ಭಾಷೆಯಲ್ಲಿ ನನಗೆ ಓದಿ ಹೇಳಲಾಗಿದೆ, ಕೇಳಿ ಒಪ್ಪಿದ್ದೇನೆ.

ಟೀಚರಮ್ಮ, ಅದೇ ಸಾಲು.

ನೆನಪಿದೆಯೇ? ಅಪ್ಪ ಧಣಿಗೆ ಬರೆದುಕೊಟ್ಟ ಜೀತದ ಪತ್ರವನ್ನು ನೀವು ತರಗತಿಯಲ್ಲಿ ಬಿಚ್ಚಿ ಕೊನೆಯ ಸಾಲು ಓದಿದಿರಿ. “ಸದರಿ ಪತ್ರವನ್ನು ನನಗೆ ಓದಿ ಹೇಳಲಾಗಿ, ಕೇಳಿ, ಒಪ್ಪಿ, ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ.” ಆಮೇಲೆ ಬಾಗಿಲ ಹೊರಗೇ ನಿಂತಿದ್ದ ಅಪ್ಪನನ್ನು ಒಳಕ್ಕೆ ಕರೆದು ಕೇಳಿದಿರಿ, “ಯಾರು ಓದಿ ಹೇಳಿದರು?”

ಅಪ್ಪ ತಲೆ ಕೆರೆದುಕೊಂಡು, “ಯಾರೂ ಇಲ್ಲ ಕನವ್ವ. ಕೈ ಇಡ್ಕಂಡ್ರು, ಒತ್ತುಸ್ಕಂಡ್ರು” ಎಂದ.

ಬೇರೆ ಶಾಲೆಯ ಮಕ್ಕಳು ಅ ಆ ಇ ಈ ಎಂದು ಶುರು ಮಾಡಿದರೆ ನಾವು ಶುರು ಮಾಡಿದ್ದು “ಓದಿ ಹೇಳಿ” ಎಂಬುದರಿಂದ. ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಮೂವತ್ತು ಮಕ್ಕಳು ಒಟ್ಟಿಗೆ ಮೂರು ಸಲ ಕೂಗಬೇಕು. ಅದು ಎಷ್ಟು ರೂಢಿಯಾಯಿತೆಂದರೆ ನಾನು ಬಸ್ಸಿನಲ್ಲಿ ಕಂಡಕ್ಟರಿಗೆ ಟಿಕೀಟು ಹಿಂದಕ್ಕೆ ಕೊಟ್ಟು ಓದಿ ಹೇಳಿ ಎಂದೆ. ಮಾದಪ್ಪನ ಬೆಟ್ಟದಲ್ಲಿ ಅರ್ಚಕರಿಗೆ ಪೂಜೆಯ ಚೀಟಿ ಚಾಚಿ ಓದಿ ಹೇಳಿ ಎಂದೆ. ಅವರು ಸಿಟ್ಟಾಗಲಿಲ್ಲ. ನನ್ನ ಹೆಸರು, ನಕ್ಷತ್ರ ಗೊತ್ತಿಲ್ಲ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ದೇವರ ಮುಂದೆ ನನ್ನ ಇಡೀ ಹೆಸರು ಕೇಳಿದ್ದು ಆವತ್ತೇ.

ನಿಯಾಝ್ ಅವರನ್ನು ಕೇಳಿದೆ. ವಾರಕ್ಕೊಂದು ದಿನದ ರಜೆ ಇಲ್ಲಿನ ಕಾನೂನಿನಲ್ಲೇ ಇದೆಯಂತೆ. “ಅವರಿಗೆ ನಿಮ್ಮ ಕೈಯಿಂದಲೇ ಬರೆಸಿಕೊಳ್ಳಬೇಕು ಅಕ್ಕ, ಅದಕ್ಕೇ ಈ ಪೇಪರ್. ಒತ್ತಿದ್ರೆ ಆಮೇಲೆ ನಾನು ಎಂತ ಟೈಪ್ ಮಾಡಿಕೊಟ್ರೂ ಉಪಯೋಗ ಇಲ್ಲ” ಎಂದರು.

ಭಾನುವಾರ ಹೋದರೆ ಸಕೀನಳ ಬೆಂಚು ಹೋಯಿತು. ಅವಳು ಈಗ ತಾನೇ ಕೀ ಎಂಬ ದೀರ್ಘಕ್ಕೆ ಬಂದಿದ್ದಾಳೆ. ನಾನಂತೂ ಒತ್ತುವುದಿಲ್ಲ. ನೀವು ಏನು ಹೇಳುತ್ತೀರಿ, ಬರೆಯಿರಿ.

ನಿಮ್ಮ
ಚಾಮುಂಡೇಶ್ವರಿ


ನೈಫ್, ದುಬೈ
ಮಾರ್ಚ್, ಕೊನೆಯ ಭಾನುವಾರ

ಟೀಚರಮ್ಮ,

ನಿಮ್ಮ ಕಾಗದ ಬಂತು. ನನ್ನ ಕಾಗದ ಅದರ ಜೊತೆ ಬಂದಿಲ್ಲ. ಕೆಂಪು ಶಾಯಿಯೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೀವು ನನ್ನ ತಪ್ಪು ತಿದ್ದಲಿಲ್ಲ. ನೀವು ಎಷ್ಟು ಹೆದರಿದ್ದೀರಿ ಎಂಬುದು ನನಗೆ ಅದರಲ್ಲೇ ತಿಳಿಯಿತು, ಒಳಗಿನ ಮಾತು ಓದುವ ಮೊದಲೇ.

“ದೂರದ ದೇಶ, ಒಬ್ಬಳೇ ಇದ್ದೀಯೆ, ಹಿಂದೆ ಮುಂದೆ ಯಾರೂ ಇಲ್ಲ. ಒಂದು ದಿನದ ರಜೆಗಾಗಿ ಜೀವ ಅಪಾಯಕ್ಕೆ ಒಡ್ಡಬೇಡ. ಒತ್ತಿಬಿಡು ಮಗಳೇ” ಎಂದು ಬರೆದಿದ್ದೀರಿ. ಮಗಳೇ ಎಂದದ್ದಕ್ಕೆ ಅತ್ತೆ. ಒತ್ತಿಬಿಡು ಎಂದದ್ದಕ್ಕೆ ಕಣ್ಣು ಒರೆಸಿಕೊಂಡೆ.

ಕ್ಷಮಿಸಿ ಟೀಚರಮ್ಮ, ಈ ಮಾತು ಕೇಳುವುದಿಲ್ಲ. ನೀವು ಹೇಳಿಕೊಟ್ಟದ್ದನ್ನು ನೀವೇ ಬಿಡು ಎಂದರೂ ಬಿಡಲು ಬರುವುದಿಲ್ಲ, ಅದು ಈಗ ನನ್ನದು. ಧಣಿಯ ಜನ ಶಾಲೆಯ ಹೆಂಚು ಒಡೆದಾಗ ನೀವು ಮಳೆಯಲ್ಲೇ ಮಗ್ಗಿ ಹೇಳಿಸಿದಿರಿ. ಆಗ ನಿಮ್ಮ ಹಿಂದೆ ಮುಂದೆ ಯಾರಿದ್ದರು?

ಹೆದರಿಕೆ ಇಲ್ಲವೆಂದು ಹೇಳುವುದಿಲ್ಲ. ಅಪಾಯಕ್ಕಿಂತ ನನಗೆ ನನ್ನ ನಾಲಿಗೆಯದೇ ಹೆದರಿಕೆ. ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದಳು, ನಿಮಗೆ ಹೇಳಿದ್ದೇನೋ ಇಲ್ಲವೋ.

ಒಂದೂರಿನಲ್ಲಿ ಕಪಿಲೆ ಬಾವಿಯ ಎತ್ತು. ಬಾವಿಯ ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಇಪ್ಪತ್ತು ಹೆಜ್ಜೆ ಮುಂದಕ್ಕೆ ಹೋಗಬೇಕು, ನೀರು ಮೇಲೆ ಬರುತ್ತದೆ. ಆಮೇಲೆ ತಿರುಗದೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಬರಬೇಕು, ನೀರೆತ್ತುವ ತೊಗಲಿನ ಬಾನಿ ಬಾವಿಗೆ ಇಳಿಯುತ್ತದೆ. ಹೀಗೇ ಹದಿನಾಲ್ಕು ವರ್ಷ. ಬಾವಿ ಬತ್ತಿತು, ಎತ್ತನ್ನು ಬಿಟ್ಟರು. ಬಯಲಿಗೆ ಬಂದ ಎತ್ತು ಇಪ್ಪತ್ತು ಹೆಜ್ಜೆ ಹೋಗುವುದು, ಹಾಗೇ ಹಿಂದಕ್ಕೆ ಬರುವುದು. ಮುಂದೆ ಎಷ್ಟು ಹಸಿರಿದ್ದರೂ ಅಷ್ಟೇ. ಕುರಿಗಳು ನಕ್ಕವು. ಒಂದು ದಿನ ಮಾದಪ್ಪ ಜಂಗಮನ ವೇಷದಲ್ಲಿ ಬಂದು, ಕೈಯಲ್ಲೊಂದು ಹಿಡಿ ಗರಿಕೆ ಹಿಡಿದು, ಸರಿಯಾಗಿ ಇಪ್ಪತ್ತೊಂದನೆಯ ಹೆಜ್ಜೆಯ ಜಾಗದಲ್ಲಿ ಕೂತ. ಎತ್ತು ಬಂತು, ಇಪ್ಪತ್ತಕ್ಕೆ ನಿಂತಿತು. ಮಾದಪ್ಪ ಕರೆಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಕೂತ. ಮೂರು ದಿನ ಕೂತನಂತೆ. ದೇವರಿಗೂ ಅಷ್ಟು ತಾಳ್ಮೆ ಬೇಕಾಯಿತು ನೋಡಿ ಒಂದು ಹೆಜ್ಜೆಗೆ.

ಈದ್ ಮುಗಿದ ಮೇಲಿನ ಗುರುವಾರ ಕರೆದಿದ್ದಾರೆ. ಈ ಕಾಗದ ನಿಮಗೆ ಸೇರುವಷ್ಟರಲ್ಲಿ ಅದು ಮುಗಿದಿರುತ್ತದೆ. ಬೆಟ್ಟದ ಕಡೆ ಮುಖ ಮಾಡಿ ಒಂದು ದೀಪ ಹಚ್ಚಿ. ಬುದ್ಧಿವಾದ ಮಾತ್ರ ಬರೆಯಬೇಡಿ.

ಚಾಮುಂಡೇಶ್ವರಿ


ನೈಫ್, ದುಬೈ
ಏಪ್ರಿಲ್, ಎರಡನೆಯ ಭಾನುವಾರ

ಟೀಚರಮ್ಮ,

ಗುರುವಾರ ಸಂಜೆ ನಾಲ್ಕಕ್ಕೆ ನಮ್ಮನ್ನೆಲ್ಲ ವ್ಯಾನಿನಿಂದ ಸೀದಾ ಆಫೀಸಿಗೆ ಇಳಿಸಿದರು. ಇಪ್ಪತ್ತಾರು ಹೆಂಗಸರು, ಕೈಯಲ್ಲಿ ಇನ್ನೂ ಫಿನಾಯಿಲ್ ವಾಸನೆ. ಮೇಜಿನ ಹಿಂದೆ ಆಪರೇಷನ್ಸ್ ನೋಡಿಕೊಳ್ಳುವ ಕ್ಯಾಮಿಲಸ್ ಸರ್. ಮಂಗಳೂರಿನವರು, ಕನ್ನಡ ಚೆನ್ನಾಗಿ ಬರುತ್ತದೆ. ಕೆಟ್ಟವರೆಂದು ನಾನು ಹೇಳಲಾರೆ, ಸಕೀನಳಿಗೆ ಜ್ವರ ಬಂದಾಗ ತಾವೇ ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಅವರ ಮೇಲೂ ಯಾರೋ ಕೂತಿದ್ದಾರೆ. ಪಕ್ಕದಲ್ಲಿ ಜೋಯ್ಲಿನ್ ಹೆಸರು ಕೂಗುತ್ತಿದ್ದಳು. ಮೇಜಿನ ಮೇಲೆ ಕಾಗದದ ಕಟ್ಟು, ನೀಲಿ ಶಾಯಿಯ ಪ್ಯಾಡು.

ಮೊದಲ ಮೂವರು ಒತ್ತಿ ಹೋದರು. ನಾಲ್ಕನೆಯ ಹೆಸರು ನನ್ನದು.

“ಸರ್, ಇದರಲ್ಲಿ ಏನಿದೆ?”

“ಎಂತ ಇಲ್ಲ ಮಾರಾಯ್ತಿ, ಫಾರ್ಮಾಲಿಟಿ. ಯಲ್ಲಾ, ಯಲ್ಲಾ, ಹಿಂದೆ ಇಷ್ಟು ಜನ ನಿಂತಿದ್ದಾರೆ.”

“ಏನಿಲ್ಲ ಅಂದ ಮೇಲೆ ಒತ್ತೋದು ಯಾಕೆ ಸರ್?”

ಹಿಂದೆ ಯಾರೋ ಕಿಸಕ್ಕೆಂದರು. ಸರ್ ಮುಖ ಕೆಂಪಾಯಿತು. ಕುರ್ಚಿಯಿಂದ ಅರ್ಧ ಎದ್ದು, ಮೇಜಿನ ಮೇಲೆ ಬಡಿದು, “ಒತ್ತು ಅಂದ್ರೆ ಒತ್ತು!” ಎಂದು ಗುಡುಗಿದರು.

ಆಗ ಅದು ಆಯಿತು ಟೀಚರಮ್ಮ. ನಾನು ಹೆದರಿಕೊಂಡಿದ್ದದ್ದೇ ಆಯಿತು. ಕನ್ನಡದಲ್ಲಿ ಒಬ್ಬ ಗಂಡಸು ಹಾಗೆ ಗುಡುಗಿದ್ದನ್ನು ನಾನು ಕೇಳಿ ಇಪ್ಪತ್ತೊಂದು ವರ್ಷವಾಗಿತ್ತು. ನನ್ನ ಬೆನ್ನು ತಾನಾಗಿ ಬಗ್ಗಿತು. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು:

“ಆಯ್ತು, ಬುದ್ಧಿ.”

ಬೆರಳು ಆಗಲೇ ಪ್ಯಾಡಿನಲ್ಲಿತ್ತು. ಹೆಬ್ಬೆಟ್ಟು ನೀಲಿಯಾಗಿತ್ತು.

ನಮ್ಮ ಕಡೆ ಧಣಿಯನ್ನು ಕರೆಯುವ ಆ ಮಾತನ್ನು ಶಾಲೆಯಲ್ಲಿ ಯಾರಾದರೂ ಆಡಿದರೆ ನೀವು ಹೇಳುತ್ತಿದ್ದದ್ದು ಒಂದೇ: “ಬುದ್ಧಿ ಅನ್ನೋದು ನಿನ್ನ ತಲೆಯೊಳಗೆ ಇರೋದು ಕಣೇ, ಯಾರದೋ ಜಗುಲಿ ಮೇಲೆ ಕೂತಿರೋದಲ್ಲ.” ಅಜ್ಜಿ ಮಾದಪ್ಪನನ್ನು ಬುದ್ಧಿ ಎಂದು ಕರೆಯುವುದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದಿರಿ. ಒಂದು ಬಿಡುಗಡೆ ಪತ್ರ, ಏಳು ವರ್ಷದ ಶಾಲೆ, ಒಂದು ಸಮುದ್ರ, ಇಷ್ಟನ್ನು ದಾಟಿ ಬಂದರೂ ಆ ಮಾತು ನನ್ನ ನಾಲಿಗೆಯ ಕೆಳಗೆ ಮಡಿಚಿಕೊಂಡು ಕೂತೇ ಇತ್ತು. ನೆಲ ಬಾಯಿಬಿಡಬಾರದೇ ಎನ್ನಿಸಿತು.

ಆದರೆ ಸರ್ ಕರಾವಳಿಯವರು. ಆ ಕಡೆ ಧಣಿಯನ್ನು ಹಾಗೆ ಕರೆಯುವ ರೂಢಿ ಇಲ್ಲ. ನಾನು ನನಗೆ ವಿವೇಕ ಬಂತೆಂದು ಒಪ್ಪಿಕೊಂಡೆ ಎಂದು ಅವರು ತಿಳಿದರು. ಸಿಟ್ಟೆಲ್ಲ ಇಳಿದು, ನಕ್ಕು, ಜೋಯ್ಲಿನ್ ಕಡೆ ತಿರುಗಿ ಹೇಳಿದರು:

“ಹಾಂ, ನೋಡು, ಈಗ ಬುದ್ಧಿ ಬಂತು!”

ಬಗ್ಗಿದ್ದ ಬೆನ್ನು ಅಲ್ಲೇ ನಿಂತಿತು. ಆ ಮಾತನ್ನು ಅವರ ಬಾಯಿಂದ ಕೇಳಿದಾಗ ಅದು ನೀವು ಹೇಳಿಕೊಟ್ಟ ಅರ್ಥಕ್ಕೇ ಬಂದು ಕೂತಿತ್ತು. ಮಾದಪ್ಪ ಯಾವ ವೇಷದಲ್ಲಿ ಬಂದು ಎಲ್ಲಿ ಕೂರುತ್ತಾನೆ ಎಂದು ಯಾರು ಹೇಳಬಲ್ಲರು? ಮೇಜಿನ ಹಿಂದೆ ಟೈ ಕಟ್ಟಿಕೊಂಡೂ ಕೂತಾನು. ನಾನು ನೆಟ್ಟಗಾದೆ. ನೀಲಿ ಹೆಬ್ಬೆಟ್ಟನ್ನು ವೇಲಿನ ತುದಿಗೆ ಒರೆಸಿಕೊಂಡೆ.

“ಹೌದು ಸರ್, ಬಂತು. ಈಗ ತಾನೇ ಬಂತು. ಓದಿ ಹೇಳಿ.”

“ಎಂತ?”

“ಕೊನೆಯ ಸಾಲಿನಲ್ಲಿ ನನ್ನ ಭಾಷೆಯಲ್ಲಿ ನನಗೆ ಓದಿ ಹೇಳಲಾಗಿದೆ ಎಂದು ಬರೆದಿದೆ. ಓದಿ ಹೇಳಿ.”

“ನಿನಗೆ ಇಂಗ್ಲಿಷ್ ಬರ್ತದಲ್ಲ, ನೀನೇ ಓದಿಕೊ.”

“ಓದಿಕೊಂಡೆ ಸರ್. ಆದರೆ ಓದಿಕೊಂಡಿದ್ದೇನೆ ಎಂದು ಬರೆದಿಲ್ಲ, ಓದಿ ಹೇಳಿದ್ದಾರೆ ಎಂದು ಬರೆದಿದೆ. ಸುಳ್ಳಿಗೆ ಗುರುತು ಹಾಕಿದರೆ ನನಗೂ ಪಾಪ, ಹಾಕಿಸಿಕೊಂಡರೆ ನಿಮಗೂ ಪಾಪ. ನೀವೂ ದೇವರಿಗೆ ನಡೆದುಕೊಳ್ಳುವವರು.”

ಜೋಯ್ಲಿನ್ ನನ್ನ ತೋಳು ಚಿವುಟಿ, “ಸುಮ್ನಿರು ಮಾರಾಯ್ತಿ, ಊರಿಗೆ ಟಿಕೆಟ್ ಮಾಡಿ ಕಳಿಸ್ತಾರೆ!” ಎಂದು ಪಿಸುಗುಟ್ಟಿದಳು.

ನಾನು ಮೇಜಿನ ಮುಂದಿನ ಕುರ್ಚಿ ಎಳೆದುಕೊಂಡು ಕೂತೆ. ಧಣಿಯ ಮನೆಯಲ್ಲಿ ನಾವು ಕೂತದ್ದೇ ಇಲ್ಲವಲ್ಲ, ಅದಕ್ಕೇ ಮೊದಲು ಕೂತೆ. ಕೂಗಲಿಲ್ಲ, ಅಳಲಿಲ್ಲ. ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಕಾದೆ.

ಅವರು ಜೋಯ್ಲಿನ್ ಮುಖ ನೋಡಿದರು, ಗಡಿಯಾರ ನೋಡಿದರು. ಆಮೇಲೆ, ಓದಿದರೆ ಬೇಗ ಮುಗಿಯುತ್ತದೆ ಎಂದುಕೊಂಡಿರಬೇಕು, ಕಾಗದ ಎತ್ತಿ ಇಂಗ್ಲಿಷನ್ನು ಕನ್ನಡ ಮಾಡುತ್ತ ಗಡಗಡನೆ ಶುರು ಮಾಡಿದರು.

“ಕೆಳಗೆ ಸಹಿ ಮಾಡಿದ ನಾನು... ನನ್ನ ವಾರದ ರಜೆ... ಕಾನೂನು ಪ್ರಕಾರ ನನ್ನದಾದ ವಾರದ ರಜೆಯನ್ನು...”

ಅಲ್ಲಿಗೆ ವೇಗ ಕಡಿಮೆಯಾಯಿತು.

“...ನನ್ನ ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ, ಬಿಟ್ಟುಕೊಡುತ್ತೇನೆ...”

ಅಲ್ಲಿಗೆ ದನಿಯೇ ನಿಂತಿತು. ಅವರು ಆ ಕಾಗದವನ್ನು ನೂರು ಸಲ ನೋಡಿರಬಹುದು. ತಮ್ಮ ಬಾಯಿಂದ, ತಮ್ಮ ಅಮ್ಮನೊಡನೆ ಮಾತಾಡುವಂಥ ಕನ್ನಡದಲ್ಲಿ, ಕೇಳಿದ್ದು ಮೊದಲನೆಯ ಸಲವೇನೋ. ಅವರ ಅಂಗೈ ಇನ್ನೂ ಮೇಜು ಬಡಿದ ಜಾಗದಲ್ಲೇ ಇತ್ತು.

ಸಾಲಿನ ಹಿಂದಿನಿಂದ ಸಕೀನ ಗಟ್ಟಿಯಾಗಿ ಕೇಳಿದಳು, “ಸಾಬ್, ಒತ್ತಾಯ ಇಲ್ಲದ ಅಂದ್ರ ಹ್ಯಾಂಗ ಇರತೈತ್ರಿ ಅದು?”

ಕನ್ನಡ ಬರುವವರೆಲ್ಲ ನಕ್ಕರು. ಬರದವರು ಏನು ಏನು ಎಂದು ಅವರನ್ನು ಕೇಳಿದರು. ಸಾಲು ಸಾಲಾಗಿ ಉಳಿಯಲಿಲ್ಲ.

“ಪೆನ್ನು ಕೊಡಿ ಸರ್” ಎಂದೆ. ಕೊಟ್ಟರು, ಅದೂ ಆಶ್ಚರ್ಯವೇ. ಹೆಬ್ಬೆಟ್ಟಿಗೆಂದು ಬಿಟ್ಟ ಚೌಕದಲ್ಲಿ ಕನ್ನಡದಲ್ಲಿ ಬರೆದೆ: “ಓದಿಸಿ ಕೇಳಿದೆ. ಒಪ್ಪಿಲ್ಲ.” ಕೆಳಗೆ ಇಡೀ ಹೆಸರು. ಚೌಕ ಸಾಲದೆ ಕೊನೆಯ ಎರಡು ಅಕ್ಷರ ಹೊರಗೆ ಬಂದವು.

“ಇದೆಂತ ಬರೆದದ್ದು?”

“ಓದಿ ಹೇಳಲೇ ಸರ್?”

ಆಮೇಲೆ ಸಕೀನ ಬಂದು ಕುರ್ಚಿಯಲ್ಲಿ ಕೂತಳು. “ನನಗೂ ಓದ್ರಿ. ನಮ್ಮ ಮನೀ ಭಾಷಾ ಉರ್ದು.” ಅವಳಿಗೆ ಆಗಲೇ ಎಲ್ಲ ಅರ್ಥವಾಗಿತ್ತು, ಸುಮ್ಮನೆ ಆಡಿದಳು. ನೇಪಾಳದ ಹುಡುಗಿಯರು ನೇಪಾಳಿ ಎಂದರು. ಸಿಂಹಳದವರು ತಮ್ಮದು ಎಂದರು. ಕಾಗದದಲ್ಲೇ ಬರೆದಿದೆಯಲ್ಲ, ನನ್ನ ಭಾಷೆಯಲ್ಲಿ ಎಂದು. ನೇಪಾಳಿ ಓದುವವರನ್ನು ಗುರುವಾರ ಸಂಜೆ ಐದಕ್ಕೆ ಅವರು ಎಲ್ಲಿಂದ ತರಬೇಕು?

ಸಕೀನ ಕೊನೆಗೆ ಸರ್‌ಗೆ ಬರುವ ಹಿಂದಿಯಲ್ಲೇ ಓದಿಸಿಕೊಂಡು, ನನ್ನ ಅಕ್ಷರ ನೋಡಿ ನೋಡಿ ಅದೇ ಬರೆದಳು. ಹೆಸರಿನಲ್ಲಿ ಗುಡಿಸು, ದೀರ್ಘ ಎರಡನ್ನೂ ಬಿಟ್ಟು “ಸಕನ” ಎಂದಾಯಿತು. ಇರಲಿ, ಹೆಬ್ಬೆಟ್ಟಲ್ಲವಲ್ಲ. ಇನ್ನೂ ಏಳು ಜನ ಬರೆದರು, ತಮ್ಮ ತಮ್ಮ ಲಿಪಿಯಲ್ಲಿ. ಆಮೇಲೆ ಸರ್ ಪ್ಯಾಡಿನ ಮುಚ್ಚಳ ಹಾಕಿದರು.

“ಖಲಾಸ್. ಇವತ್ತಿಗೆ ಸಾಕು. ಎಲ್ಲ ಹೋಗಿ.”

ವ್ಯಾನಿನಿಂದ ಇಳಿಯುವಾಗ ಜೋಯ್ಲಿನ್, “ನಂಗೂ ಭಾನುವಾರ ಚರ್ಚಿಗೆ ಹೋಗ್ಲಿಕ್ಕುಂಟು. ನಾನು ಹೋದ ತಿಂಗಳೇ ಸೈನ್ ಹಾಕಿಯಾಗಿದೆ. ಓದಿದ್ದೆ, ಆದ್ರೂ ಹಾಕಿದೆ” ಎಂದಳು. ಅವಳ ಮುಖ ನೋಡಲಾಗಲಿಲ್ಲ. ಓದಲು ಬರುವವರೆಲ್ಲ ಓದಿ ಹೇಳಿ ಎನ್ನುವುದಿಲ್ಲ ನೋಡಿ.

ಇವತ್ತು ಭಾನುವಾರ. ನಾವು ಬೆಂಚಿನ ಮೇಲಿದ್ದೇವೆ. ಸಕೀನ “ಕೀ” ಎಂದು ಇಪ್ಪತ್ತೊಂದು ಸಲ ಬರೆಯುತ್ತಿದ್ದಾಳೆ. ಅಷ್ಟೇ ಎಂದು ನಾನೇ ಲೆಕ್ಕ ಕೊಟ್ಟೆ.

ಶನಿವಾರ ಆಫೀಸಿನಿಂದ ಫೋನು ಬಂತು. ಬುಧವಾರದಿಂದ ನನ್ನನ್ನು ಅಬುಧಾಬಿಗೆ ಹಾಕಿದ್ದಾರೆ. ಶಿಕ್ಷೆಯಲ್ಲವಂತೆ. ನೋಡಿ, ಹ ಹಾಕದೆ ಬರೆದಿದ್ದೇನೆ.

ನಿಮ್ಮ ಮಾತು ಮೀರಿದ
ಚಾಮುಂಡೇಶ್ವರಿ


ಖಾಲಿದಿಯಾ, ಅಬುಧಾಬಿ
ಜೂನ್, ಮೊದಲ ಭಾನುವಾರ

ಟೀಚರಮ್ಮ,

ಇಲ್ಲಿ ನನ್ನದು ಆಸ್ಪತ್ರೆಯ ಕೆಲಸ. ಎರಡನೆಯ ಮಹಡಿ, ನೆಲ ಒರೆಸಿ ಒರೆಸಿ ಮುಖ ಕಾಣುವ ಹಾಗೆ ಇಡಬೇಕು. ಡಿಸ್ಕವರಿ ಗಾರ್ಡನ್ಸಿಗಿಂತ ಕಷ್ಟ. ರೂಮಿನಲ್ಲಿ ನನ್ನ ಭಾಷೆ ಯಾರಿಗೂ ಬರುವುದಿಲ್ಲ. ಬೆಳಿಗ್ಗೆ ಮಾದಪ್ಪನೊಡನೆ ನಾಲ್ಕು ಮಾತು ಕನ್ನಡದಲ್ಲಿ ಆಡಿ ಹೊರಡುತ್ತೇನೆ. ಒಬ್ಬಳೇ ಎನ್ನಿಸಿದ ದಿನ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಭಾನುವಾರ ನನ್ನದೇ ಇದೆ. ದುಬೈಯಲ್ಲಿ ಅವತ್ತು ಒತ್ತದೆ ಬಂದವರೆಲ್ಲರ ಭಾನುವಾರವೂ ಉಳಿದಿದೆ. ಒತ್ತಿದ ಆ ಮೂವರು ಭಾನುವಾರವೂ ದುಡಿಯುತ್ತಿದ್ದಾರೆ. ಅವರಲ್ಲಿ ಒಬ್ಬಳು ಈಗ ಸಕೀನಳ ಹತ್ತಿರ ಅಕ್ಷರ ಹೇಳಿಸಿಕೊಳ್ಳುತ್ತಾಳಂತೆ, ವ್ಯಾನಿನಲ್ಲೇ.

ನಿಯಾಝ್ ಅವರು ನಿಮ್ಮ ಲಕೋಟೆಯನ್ನು ಅಬುಧಾಬಿಗೆ ಬರುವ ಒಬ್ಬರ ಕೈಯಲ್ಲಿ ಕೊಟ್ಟು ಕಳಿಸಿದರು. ಮೇಲೆ “ಪಾಸಾ ಫೇಲಾ ತಿಳಿಸಿ” ಎಂದು ಚೀಟಿ ಅಂಟಿಸಿದ್ದರು.

ಬಿಚ್ಚಿದರೆ ಏಪ್ರಿಲಿನ ನನ್ನ ಕಾಗದ. ಕೆಂಪು ಶಾಯಿ ಮತ್ತೆ ಬಂದಿದೆ! ಹ-ಕಾರಕ್ಕೆ ಆರು. ಒತ್ತಿಬಿಡು ಎಂದದ್ದರ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ನಾನೂ ಕೇಳುವುದಿಲ್ಲ. ಆದರೆ “ಒಪ್ಪಿಲ್ಲ” ಎಂಬ ಮಾತಿನ ಕೆಳಗೆ ಎರಡು ಗೀಟು ಎಳೆದು, ಅಂಚು ತುಂಬ ಬರೆದಿದ್ದೀರಿ: “ಕಾಲ ತಪ್ಪಿದೆ. ಒಪ್ಪಿಲ್ಲ ಎಂದರೆ ಇದುವರೆಗೆ ಒಪ್ಪಿಲ್ಲ ಎಂದಾಗುತ್ತದೆ. ನಾಳೆ ಒಪ್ಪಬಹುದೆಂದು ಓದುವವರು ತಿಳಿದಾರು. ವ್ಯಾಕರಣ ನೋಡಿಕೊಂಡು ಬರೆ.”

ಅಂಚನ್ನು ಮೂರು ಸಲ ಓದಿದೆ. ಆಮೇಲೆ ಗಟ್ಟಿಯಾಗಿ ಒಂದು ಸಲ. ಪಕ್ಕದ ಮಂಚದ ಹುಡುಗಿ ಎದ್ದು ಕೂತು ಏನಾಯಿತೆಂದು ಕೈಯಲ್ಲೇ ಕೇಳಿದಳು.

ತಿದ್ದಿಕೊಳ್ಳಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಮಂಗಳವಾರ ಇಲ್ಲಿಗೂ ಅದೇ ಕಾಗದ ಬಂತು. ಈ ಸಲ ಒಳ್ಳೆಯ ಕಾಗದ, ನಾಲ್ಕು ಭಾಷೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಕನ್ನಡವೂ ಇದೆ! ನನ್ನ ದೆಸೆಯಿಂದಲೇ ಎಂದು ಸ್ವಲ್ಪ ಜಂಬವೂ ಆಯಿತು. ತಂದವರು ಹೊಸಬರು, ಮಲಯಾಳಿ. ಮೆತ್ತಗೆ ಮಾತಾಡಿದರು. ಗುಡುಗಲಿಲ್ಲ. ನನ್ನ ನಾಲಿಗೆಯೂ ಹಿಂದಕ್ಕೆ ನಡೆಯಲಿಲ್ಲ.

ಓದಿ ಹೇಳಿ ಎಂದೆ. ತಮಗೆ ಕನ್ನಡ ಬರುವುದಿಲ್ಲ, ನೀವೇ ಓದಿ ಎಂದರು. ಹಾಗಾದರೆ ನಾನೇ ನಿಮಗೆ ಓದಿ ಹೇಳುತ್ತೇನೆ ಎಂದು, ಎದ್ದು ನಿಂತು, ಶಾಲೆಯಲ್ಲಿ ನಿಮ್ಮ ಮುಂದೆ ಪಾಠ ಒಪ್ಪಿಸುವಂತೆ ಮೊದಲಿಂದ ಕೊನೆಯವರೆಗೂ ಓದಿದೆ. ಅಚ್ಚಿನಲ್ಲಿ ಮೂರು ತಪ್ಪಿದ್ದವು, ಪೆನ್ನಿನಲ್ಲಿ ತಿದ್ದಿದೆ. ಕೆಂಪು ಶಾಯಿ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಕೆಳಗಿನ ಚೌಕದಲ್ಲಿ ಬರೆದೆ. ಅದರಲ್ಲಿ ಹ-ಕಾರವೇ ಬರುವುದಿಲ್ಲ ಟೀಚರಮ್ಮ, ಕಾಲವೂ ಸರಿಯಾಗಿದೆ, ಈ ಸಲ ನೀವು ಎಲ್ಲಿ ಗೀಟು ಎಳೆಯುತ್ತೀರೋ ನೋಡುತ್ತೇನೆ:

ಓದಿದೆ. ಒಪ್ಪುವುದಿಲ್ಲ.

ಚಾಮುಂಡೇಶ್ವರಿ